ಜಗಳ ಬಿಡಿಸೋದು ಕಲಿಸ್ತೀವಿ ಅಂದ್ರು, 2,800 ಕೊಟ್ಟು ಹೋಗ್ಬಂದೆ

ನಮ್ದು 42 ಮನೆ ಇರೋ ಅಪಾರ್ಟ್‌ಮೆಂಟು. ಹೋದ ವರ್ಷ ಜನರಲ್ ಬಾಡಿ ಮೀಟಿಂಗಲ್ಲಿ ಸೆಕ್ರೆಟರಿ ಆಗೋಕೆ ಯಾರೂ ಕೈ ಎತ್ತಲಿಲ್ಲ, ನಾನು ಕಾಫಿ ಲೋಟ ಇಟ್ಬರೋಣ ಅಂತ ಎದ್ದಿದ್ದೇ ತಪ್ಪಾಯ್ತು, ನನ್ ತಲೆಗೇ ಕಟ್ಟಿದ್ರು. ಅವತ್ತಿಂದ ನನ್ ಫೋನು ಪೊಲೀಸ್ ಸ್ಟೇಷನ್ ಆಗಿದೆ. 14ನೇ ನಂಬರ್ ಗಾಡಿ 15ರ ಗೆರೆ ಒಳಗೆ ಬಂತು, ಮೇಲಿನ ಮನೆಯವ್ರು ಗಿಡಕ್ಕೆ ಹಾಕಿದ ನೀರು ಕೆಳಗಿನವ್ರ ಬಾಲ್ಕನಿಗೆ ಸುರೀತು, ಊರಿಗೆ ಹೋಗಿದ್ವಿ ಟ್ಯಾಂಕರ್ ದುಡ್ಡು ನಾವ್ಯಾಕೆ ಕೊಡ್ಬೇಕು, ಹೀಗೆ ದಿನಾ ಒಂದಲ್ಲ ಒಂದು. ನಾನೋ, ಎರಡೂ ಕಡೆ ಹೂಂ ಹೂಂ ಅಂದು ಎರಡೂ ಕಡೆಯಿಂದ ಬೈಸ್ಕೊಳೋ ಜಾತಿ. ಅದಕ್ಕೇ ಜಯನಗರದ ಕಡೆ ಶನಿವಾರ ಭಾನುವಾರ ಎರಡು ದಿನ ಒಂದು ವರ್ಕ್‌ಶಾಪ್ ಇದೆ ಅಂತ ಗೊತ್ತಾದಾಗ ಸೇರ್ಕೊಂಡೆ. ಊಟ ಸೇರಿ 2,800. ನಡೆಸಿದವ್ರ ಹೆಸರು ಬೇಡ ಬಿಡಿ, ಬೈಯೋದೂ ಸ್ವಲ್ಪ ಇದೆ.

ಮೊದ್ಲು ಬೈದ್ಬಿಡ್ತೀನಿ. ಒಂಬತ್ತೂವರೆಗೆ ಅಂದವ್ರು ಹತ್ತೂಕಾಲಿಗೆ ಶುರು ಮಾಡಿದ್ರು. ಸ್ಲೈಡೆಲ್ಲಾ ಇಂಗ್ಲಿಷ್, ಅಭ್ಯಾಸಕ್ಕೆ ಕೊಟ್ಟ ಚೀಟೀಲಿ ಜಾನ್ ಮತ್ತೆ ಮೇರಿ ಯಾವ್ದೋ ಕಂಪನಿಯ ಬಜೆಟ್‌ಗೆ ಕಿತ್ತಾಡ್ತಿದ್ರು. ಅಲ್ಲಾ ಸ್ವಾಮಿ, ಕೂತಿದ್ದ ಹದಿನೆಂಟು ಜನದಲ್ಲಿ ಅರ್ಧಕ್ಕರ್ಧ ನಮ್ಮಂಥ ಅಪಾರ್ಟ್‌ಮೆಂಟ್ ಕಮಿಟಿಯವ್ರು, ಇಬ್ರು ಹೈಸ್ಕೂಲ್ ಮೇಷ್ಟ್ರು, ಒಬ್ರು ಅಣ್ಣತಮ್ಮಂದಿರ ಸೈಟ್ ಪಾಲಿನ ತಲೆನೋವಲ್ಲಿ ಬಂದವ್ರು. ಜಾನ್‌ನ ಬಜೆಟ್ ತಗೊಂಡು ನಾವೇನ್ ಮಾಡೋಣ. ಊಟ ಮಾತ್ರ ಚೆನ್ನಾಗಿತ್ತು, ಬಿಸಿಬೇಳೆ ಬಾತಿಗೆ ತುಪ್ಪ ಕೇಳಿದ್ರೂ ಇಲ್ಲ ಅನ್ನಲಿಲ್ಲ.

ಕಲಿಸಿದವ್ರು ಒಬ್ರು ವಕೀಲರು, ಕೋರ್ಟಿನ ಮೀಡಿಯೇಟರ್, ಅಂದ್ರೆ ಮಧ್ಯೆ ಕೂತು ರಾಜಿ ಮಾತಾಡಿಸೋರು, ಆಗೋಕೆ 40 ಗಂಟೆ ಟ್ರೈನಿಂಗ್ ಇರುತ್ತಲ್ಲ, ಅದನ್ನ ಮುಗಿಸಿದವ್ರು. ಹೈಕೋರ್ಟಿನವ್ರು 2007ರಲ್ಲೇ ಬೆಂಗಳೂರು ಮೀಡಿಯೇಷನ್ ಸೆಂಟರ್ ಶುರು ಮಾಡಿದ್ದಾರೆ, ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ. ಗಂಡ ಹೆಂಡ್ತಿ ಕೇಸು, ಆಸ್ತಿ ಪಾಲು, ಚೆಕ್ ಬೌನ್ಸು ಎಲ್ಲಾ ಕೋರ್ಟಿಂದ ಅಲ್ಲಿಗೆ ಹೋಗುತ್ತಂತೆ. ನಾನು ಅದನ್ನ ಊರಿನ ಪಂಚಾಯ್ತಿ ಕಟ್ಟೆ ತರಾನೇ ಅನ್ಕೊಂಡಿದ್ದೆ. ಅಲ್ಲ. ಕಟ್ಟೆ ಮೇಲೆ ಕೂತ ಹಿರಿಯರು ಕೊನೇಲಿ ನಿಂದು ತಪ್ಪು, ಇಷ್ಟು ಕೊಡು ಅಂತ ತೀರ್ಮಾನ ಹೇಳ್ತಾರೆ. ಇಲ್ಲಿ ಮಧ್ಯೆ ಕೂತವ್ರು ತೀರ್ಮಾನ ಹೇಳೋ ಹಾಗೇ ಇಲ್ಲ, ಜಗಳ ಆಡ್ತಿರೋ ಇಬ್ರೇ ಒಪ್ಪಂದಕ್ಕೆ ಬರ್ಬೇಕು. ಬೇಕಾದ್ರೆ ಒಬ್ಬೊಬ್ರನ್ನೇ ಬೇರೆ ರೂಮಲ್ಲಿ ಕೂರಿಸಿ ಮಾತಾಡಿಸ್ಬೋದು, ಆದ್ರೆ ಅಲ್ಲಿ ಹೇಳಿದ್ದನ್ನ ಅವ್ರನ್ನ ಕೇಳ್ದೆ ಇನ್ನೊಬ್ರಿಗೆ ದಾಟಿಸೋ ಹಾಗಿಲ್ಲ. ಇಷ್ಟು ದಿನ ನಾನು ಮಾಡ್ತಿದ್ದಿದ್ದು ಸರಿಯಾಗಿ ಇದರ ಉಲ್ಟಾ.

ಒಂದು ಹಳೇ ಕತೆ ಹೇಳಿದ್ರು. 1920ರ ದಶಕದಲ್ಲಿ ಅಮೆರಿಕದ ಮೇರಿ ಪಾರ್ಕರ್ ಫಾಲೆಟ್ ಅನ್ನೋ ಹೆಂಗಸು ಬರೆದಿಟ್ಟಿದ್ದು. ಲೈಬ್ರರಿ ರೂಮಲ್ಲಿ ಒಬ್ರಿಗೆ ಕಿಟಕಿ ತೆಗೀಬೇಕು, ಈಕೆಗೆ ಮುಚ್ಚಿರ್ಬೇಕು. ಕೊನೆಗೆ ಪಕ್ಕದ ರೂಮಿನ ಕಿಟಕಿ ತೆಗೆದ್ರಂತೆ. ಅವ್ರಿಗೆ ಬೇಕಿದ್ದಿದ್ದು ಗಾಳಿ, ಈಕೆಗೆ ಬೇಡವಾಗಿದ್ದಿದ್ದು ನೇರ ಮೈಮೇಲೆ ಬೀಸೋ ಬಡಗಣ ಗಾಳಿ. ಜಗಳದಲ್ಲಿ ಬಾಯಲ್ಲಿ ಬರೋ ಡಿಮ್ಯಾಂಡು ಬೇರೆ, ಒಳಗಿರೋ ಅಗತ್ಯ ಬೇರೆ ಅನ್ನೋದಕ್ಕೆ ಇದು.

ಎರಡನೇ ದಿನ ಮಾರ್ಷಲ್ ರೋಸೆನ್‌ಬರ್ಗ್ ಅನ್ನೋ ಸೈಕಾಲಜಿಸ್ಟ್ ಹೇಳ್ಕೊಟ್ಟ ನಾಲ್ಕು ಹೆಜ್ಜೆ. ಕಂಡಿದ್ದನ್ನ ಕಂಡಂಗೆ ಹೇಳೋದು, ಅದರಿಂದ ನಮಗೆ ಏನನ್ನಿಸ್ತು ಹೇಳೋದು, ನಮಗೇನು ಬೇಕಿತ್ತು ಹೇಳೋದು, ಆಮೇಲೆ ಕೇಳ್ಕೊಳೋದು. "ನೀವು ಯಾವಾಗ್ಲೂ ಅಡ್ಡ ನಿಲ್ಲಿಸ್ತೀರ" ಅಲ್ಲ, "ಮಂಗಳವಾರ ನಿಮ್ ಗಾಡಿ ಗೆರೆಯಿಂದ ಒಂದಡಿ ಈಚೆ ಇತ್ತು". ಈ ಯಾವಾಗ್ಲೂ ಅನ್ನೋ ಪದ ಒಂದು ಬಿಟ್ರೆ ನಮ್ಮನೇಲೇ ಅರ್ಧ ಜಗಳ ಕಮ್ಮಿಯಾಗುತ್ತೆ. ಆದ್ರೆ ಎರಡನೇ ಹೆಜ್ಜೆಗೆ ಬಂದಾಗ ಎಲ್ರೂ "ನಾನು ನೋವನ್ನು ಅನುಭವಿಸುತ್ತಿದ್ದೇನೆ" ಅಂತ ಸೀರಿಯಲ್ ಸೊಸೆ ತರ ಶುರು ಮಾಡಿದ್ರು, ನಂಗೆ ನಗು ತಡೆಯೋಕಾಗಲಿಲ್ಲ. ಎದ್ದು ಕೇಳೇಬಿಟ್ಟೆ, ಮೇಡಂ, ಕನ್ನಡದಲ್ಲಿ ಅದಕ್ಕೆ "ನಂಗೆ ಬೇಜಾರಾಯ್ತು" ಅಂತ ಇದ್ಯಲ್ಲ, ನೀನು ಬೇಜಾರ್ ಮಾಡ್ದೆ ಅಂತ ಯಾರ ಮೇಲೂ ಹಾಕ್ದೇನೆ ಬೇಜಾರು ತಾನಾಗೇ ಬಂದು ಕೂತಂಗೆ ಹೇಳೋ ಭಾಷೆ ನಮ್ದು, ಅದನ್ನ ಬಿಟ್ಟು ಇದ್ಯಾಕೆ? ಅವ್ರು ಒಂದು ನಿಮಿಷ ಯೋಚನೆ ಮಾಡಿ, ಹೌದಲ್ವಾ ಅಂದು ಬೋರ್ಡ್ ಮೇಲೆ ಬರ್ಕೊಂಡ್ರು. ಆ ಗುಣಕ್ಕೆ ಅರ್ಧ ಸ್ಟಾರ್ ಜಾಸ್ತಿ.

ಇನ್ನೊಂದು ವಿಷ್ಯ ಮೆಚ್ಚಿದ್ದು, ಎಲ್ಲಾದಕ್ಕೂ ಮಾತುಕತೆ ಮದ್ದು ಅಂತ ಅವ್ರು ಹೇಳಲಿಲ್ಲ. ಮನೇಲಿ ಹೊಡೆತ ಬಡಿತ ಇದ್ರೆ ಇಬ್ರನ್ನೂ ಎದುರುಬದುರು ಕೂರಿಸಿ ರಾಜಿ ಮಾಡ್ಸೋಕೆ ಹೋಗ್ಬೇಡಿ, ಮೊದ್ಲು ಎಮರ್ಜೆನ್ಸಿ ನಂಬರ್ 112ಕ್ಕೋ ಹೆಂಗಸ್ರ ಸಹಾಯವಾಣಿ 181ಕ್ಕೋ ಫೋನ್ ಮಾಡಿ ಅಂದ್ರು. ಅಡ್ಜಸ್ಟ್ ಮಾಡ್ಕೊಳಮ್ಮ ಅನ್ನೋ ದೊಡ್ಡಮ್ಮಂದಿರ ಮಧ್ಯೆ ಬೆಳೆದವ್ಳಿಗೆ ಇದನ್ನ ಯಾರಾದ್ರೂ ಮೈಕಲ್ಲಿ ಹೇಳಿದ್ದು ಸಮಾಧಾನ ಆಯ್ತು.

ಸರಿ, ಕೆಲಸಕ್ಕೆ ಬಂತಾ? ಮಾರನೇ ವಾರವೇ ಪರೀಕ್ಷೆ. ಕೆಳಗಿನ ಮನೆ ಆಂಟಿ ಸಬ್ಬಕ್ಕಿ ಸಂಡಿಗೆ ಇಟ್ಟಿದ್ರು, ಮೇಲಿಂದ ಕುಂಡದ ಮಣ್ಣು ನೀರು ಬಿದ್ದು ಪ್ಲಾಸ್ಟಿಕ್ ಹಾಳೆ ಮೇಲೆಲ್ಲಾ ಕೆಂಪು ಗಂಜಿ. ಕುಂಡ ಎಲ್ಲಾ ತೆಗೆಸಿ ಅಂತ ಆಂಟಿ, ಒಂದೂ ತೆಗೆಯಲ್ಲ ಅಂತ ಮೇಲಿನವ್ರು. ಇಬ್ರನ್ನೂ ನಮ್ಮನೇಗೆ ಕರೆದೆ, ಎದುರುಬದುರು ಕೂರಿಸ್ಲಿಲ್ಲ, ಡೈನಿಂಗ್ ಟೇಬಲಿನ ಮೂಲೆಗೆ ಓರೆಯಾಗಿ ಕೂರಿಸ್ದೆ. ಆಂಟಿ ಹೇಳಿದ್ದನ್ನ ನಾನೇ ತಿರುಗಿ ಹೇಳ್ದೆ, "ಎರಡು ದಿನದ ಕೆಲಸ ಹಾಳಾಯ್ತು, ಯಾರೂ ಬಂದು ಒಂದು ಮಾತು ಕೇಳಲಿಲ್ಲ, ಸರಿ ತಾನೆ ಆಂಟಿ?" ಅವ್ರು ಸುಮ್ನಾಗ್ಬಿಟ್ರು. ಸಿಟ್ಟು ಸಂಡಿಗೆದಲ್ಲ, ಕೇಳ್ದೇ ಇದ್ದಿದ್ದು. ಮೇಲಿನವ್ರಿಗೋ ಊರಿಂದ ಅಮ್ಮ ತಂದುಕೊಟ್ಟ ಮಲ್ಲಿಗೆ ಬಳ್ಳಿ ಅದು. ಕೊನೆಗೆ ಇಬ್ರೂ ಒಪ್ಪಿದ್ದು ಇಷ್ಟು, ಕುಂಡದ ಕೆಳಗೆ ತಟ್ಟೆ, ಬೆಳಿಗ್ಗೆ ಏಳರೊಳಗೆ ನೀರು, ಸಂಡಿಗೆ ಇಡೋ ದಿನ ಮುಂಚೆ ಒಂದು ಮೆಸೇಜು. ಮುಕ್ಕಾಲು ಗಂಟೆ ಹಿಡೀತು, ಎರಡು ಸಲ ಕಾಫಿ.

ನೀವು ಹೇಳಿದ್ದು ಇದು ತಾನೆ ಅಂತ ತಿರುಗಿ ಹೇಳಿ, ಅವ್ರು ಹೂಂ ಅನ್ನೋವರೆಗೂ ನಮ್ ಮಾತು ಶುರು ಮಾಡ್ದೇ ಇರೋದು, ಇದೊಂದಕ್ಕೇ 2,800 ಕೊಡ್ಬೋದು. ಉಳಿದಿದ್ದರಲ್ಲಿ ಅರ್ಧ ಮರ್ತೋಗಿದೆ. ಕೊಟ್ಟ ಫೈಲು ಇಂಗ್ಲಿಷಲ್ಲಿದೆ, ತೆಗೆದೇ ಇಲ್ಲ.

ಐದಕ್ಕೆ ಮೂರೂವರೆ. ಕನ್ನಡದ ಬ್ಯಾಚ್ ಮಾಡ್ತೀವಿ ಅಂದಿದ್ದಾರೆ, ಜಾನ್ ಮೇರಿನ ತೆಗೆದು ನಮ್ ಪಾರ್ಕಿಂಗ್ ಹಾಕಿದ್ರೆ ನಾಲ್ಕೂವರೆ ಕೊಡ್ತೀನಿ. ಸೀದಾ ಪರಿಹಾರ ಸಿಗುತ್ತೆ ಅನ್ಕೊಂಡು ಹೋಗೋರು ಹೋಗ್ಬೇಡಿ. 14 ಮತ್ತೆ 15ರವ್ರನ್ನ ಮೂರು ಸಲ ಕೂರಿಸಾಯ್ತು, ಮೂರನೇ ಸಲ 15ರವ್ರು ಅಳತೆ ಟೇಪ್ ತಂದಿದ್ರು. ಈ ಭಾನುವಾರ ಮತ್ತೆ ಕರೆದಿದ್ದೀನಿ, ಟೇಪ್ ಮನೇಲೇ ಬಿಟ್ಟು ಬನ್ನಿ ಸಾರ್ ಅಂತ ಹೇಳಿ.