ಸೂಪರ್‌ವೈಸರ್ ತರಬೇತಿ: ಎರಡು ದಿನದಲ್ಲಿ ಅರ್ಧ ದಿನ ಚೆನ್ನಾಗಿತ್ತು

ಒಂಬತ್ತು ವರ್ಷ ಕಾಲರ್ ಹೊಲಿದವಳನ್ನು ಏಕಾಏಕಿ ಲೈನ್ ಸೂಪರ್‌ವೈಸರ್ ಮಾಡಿದರೆ ಅವಳಿಗೆ ಬರುವುದು ಒಂದೇ ವಿದ್ಯೆ: ಕೂಗುವುದು. ನಾನೂ ಕೂಗುತ್ತಿದ್ದೆ. ಅದಕ್ಕೇ ಪೀಣ್ಯದ ಈ ತರಬೇತಿಗೆ ಕಳುಹಿಸಿದರು.

ಮೊದಲ ದಿನ ಪೂರ್ತಿ ನಾಯಕತ್ವದ ಸ್ಲೈಡುಗಳು. ಊಟದ ನಂತರ ಅರ್ಧ ಸಭೆ ತೂಕಡಿಸಿತು. (ಬಿಸಿಬೇಳೆಬಾತ್ ಚೆನ್ನಾಗಿತ್ತು, ಸುಳ್ಳು ಹೇಳಬಾರದು.)

ಕಾಸಿಗೆ ತಕ್ಕದ್ದು ಸಿಕ್ಕಿದ್ದು ಎರಡನೆಯ ದಿನ ಬೆಳಗ್ಗೆ. 1940ರ ದಶಕದಲ್ಲಿ, ಯುದ್ಧಕಾಲದ ಅಮೆರಿಕದ ಕಾರ್ಖಾನೆಗಳಿಗೆಂದು ರೂಪಿಸಿದ, ಕೆಲಸ ಕಲಿಸುವ ನಾಲ್ಕು ಹಂತಗಳ ಕ್ರಮವದು: ಕಲಿಯುವವರ ಅಂಜಿಕೆ ಬಿಡಿಸುವುದು, ಕೆಲಸ ಮಾಡಿ ತೋರಿಸುವುದು, ಅವರಿಂದಲೇ ಮಾಡಿಸುವುದು, ಬಿಟ್ಟ ಮೇಲೂ ಆಗಾಗ ಹೋಗಿ ನೋಡುವುದು. ತರಬೇತುದಾರರು ವೈರ್‌ಗೆ ಗಂಟು ಹಾಕುವುದನ್ನು ಬರೀ ಬಾಯಲ್ಲಿ ವಿವರಿಸಿದರು. ಹದಿನೆಂಟು ಜನರಲ್ಲಿ ಒಬ್ಬರಿಗೂ ಬರಲಿಲ್ಲ. "ಇದು ಯಾರ ತಪ್ಪು?" ಎಂದರು. ನಾನು ದಿನವೂ ಗದರುತ್ತಿದ್ದ ಹೊಸ ಹುಡುಗಿ ಕಣ್ಣ ಮುಂದೆ ಬಂದಳು.

ಸೋಮವಾರ ಅವಳ ಯಂತ್ರದ ಪಕ್ಕ ಸ್ಟೂಲ್ ಹಾಕಿಕೊಂಡು ಕುಳಿತೆ. ಮೂರನೆಯ ಸಲಕ್ಕೆ ಕಫ್ ಸರಿಯಾಗಿ ಕೂತಿತು.

ಟಾರ್ಗೆಟ್ ಏರಿಸುವ ಮ್ಯಾನೇಜರರಿಗೆ "ಆಗುವುದಿಲ್ಲ ಸಾರ್" ಎನ್ನುವುದು ಹೇಗೆಂದೂ ಕೇಳಿದೆ. ಅದು ಮುಂದಿನ ಕೋರ್ಸಿನಲ್ಲಿದೆಯಂತೆ, ಶುಲ್ಕ ಬೇರೆ.