149 ಡ್ಯಾಮೇಜ್, 150 ಜೀವ: ಹಂಟ್ ಶೋಡೌನ್ ಬಂದೂಕುಗಳನ್ನು ಅಳೆದು ನೋಡಿದ ಮೇಲೆ

ಹಂಟ್: ಶೋಡೌನ್ 1896 ಆಟದಲ್ಲಿ ಸ್ಪಾರ್ಕ್ಸ್ ಅಂತ ಒಂದು ರೈಫಲ್ ಇದೆ. ಒಂದು ಸಲಕ್ಕೆ ಒಂದೇ ಗುಂಡು, ಹೊಡೆದ ಮೇಲೆ ಮತ್ತೆ ತುಂಬಬೇಕು. ಅದರ ಡ್ಯಾಮೇಜ್ 149. ಆಟಗಾರನ ಪೂರ್ತಿ ಜೀವ 150. ಅಂದರೆ ಎದೆಗೆ ನೆಟ್ಟಗೆ ಬಿದ್ದರೂ ಎದುರಿನವನಿಗೆ ಒಂದು ಉಳಿಯುತ್ತದೆ. ಆ ಒಂದನ್ನು ಯಾಕೆ ಉಳಿಸಿದ್ದಾರೆ ಅಂತ ತಿಳಿದ ಮೇಲೆ ಈ ಆಟ ನನಗೆ ಬಹಳ ಹಿಡಿಸಿತು.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಇದು ಜರ್ಮನಿಯ ಕ್ರೈಟೆಕ್ ಮಾಡಿದ ಆಟ. 2019ರಲ್ಲಿ ಪೂರ್ತಿ ಬಿಡುಗಡೆಯಾಯಿತು, 2024ರ ಆಗಸ್ಟ್‌ನಲ್ಲಿ ಹೊಸ ಎಂಜಿನ್ ಹಾಕಿ ಹೆಸರಿಗೆ 1896 ಸೇರಿಸಿದರು. ಒಂದು ಮ್ಯಾಚ್‌ಗೆ ಹೆಚ್ಚೆಂದರೆ 12 ಜನ. ಒಬ್ಬರೇ ಹೋಗಬಹುದು, ಇಬ್ಬರು ಮೂವರು ಸೇರಿಯೂ ಹೋಗಬಹುದು. ಜೌಗು ನೆಲದಲ್ಲಿ ಅಡಗಿರುವ ದೊಡ್ಡ ಭೂತವನ್ನು ಕೊಂದು, ಅದಕ್ಕೆ ಸಿಗುವ ಬಹುಮಾನ, ಅಂದರೆ ಬೌಂಟಿ, ಹೊತ್ತುಕೊಂಡು ಜೀವಂತ ಹೊರಗೆ ಬರಬೇಕು. ಸತ್ತರೆ ನಾವು ಆಡಿಸುವ ಆ ಹಂಟರ್ ಹೋದ, ಅವನ ಬಂದೂಕೂ ಹೋಯಿತು. ಅದಕ್ಕೇ ಎಲ್ಲರೂ ಬಗ್ಗಿ, ಕದ್ದು, ಕಿವಿಗೊಟ್ಟು ನಡೆಯುತ್ತಾರೆ.

ನಾನು ಶಕ್ತಿನಗರದ ಥರ್ಮಲ್ ಪ್ಲಾಂಟಿನಲ್ಲಿ ಶಿಫ್ಟ್ ಕೆಲಸ ಮಾಡುವವನು. ಗಂಟೆಗೊಮ್ಮೆ ರೀಡಿಂಗ್ ಬರೆಯುವುದು ಕೈಗೆ ಹತ್ತಿದ ಅಭ್ಯಾಸ. ಆಟದಲ್ಲಿ ಬಂದೂಕಿನ ವಿವರ ತೋರಿಸುವ ಕಾರ್ಡ್ ಮೇಲೆ ಒಂದು ನಂಬರ್ ಇದ್ದರೆ ಅದು ನಿಜವಾಗಿ ಏನು ಮಾಡುತ್ತದೆ ಅಂತ ನೋಡದೆ ಬಿಡಲು ಮನಸ್ಸಾಗುವುದಿಲ್ಲ. ಈ ಆಟದಲ್ಲಿ ನಮ್ಮ ತಂಡದವರ ಗುಂಡು ನಮಗೂ ತಾಗುತ್ತದೆ. ಹಾಗಾಗಿ ಸಿಂಧನೂರಿನಲ್ಲಿರುವ ನನ್ನ ಅಕ್ಕನ ಮಗನನ್ನು ಆಟದೊಳಗಿನ ಒಂದು ದನದ ಕೊಟ್ಟಿಗೆಯ ಗೋಡೆಗೆ ನಿಲ್ಲಿಸಿ ಹೊಡೆಯುತ್ತಾ ಹೋದೆ. ಅವನು ತನ್ನ ಸ್ಕ್ರೀನ್ ನೋಡಿ ಜೀವದ ಪಟ್ಟಿ ಎಷ್ಟು ಉಳಿದಿದೆ ಅಂತ ಹೇಳುತ್ತಿದ್ದ, ನಾನು ಬರೆದುಕೊಳ್ಳುತ್ತಿದ್ದೆ. ಸ್ಪಾರ್ಕ್ಸ್ ಗುಂಡು ಎದೆಗೆ ಬಿದ್ದಾಗ ಹೆಡ್‌ಫೋನಿನಲ್ಲಿ ಅವನ ದನಿ: "ಮಾಮಾ, ಸತ್ತಿಲ್ಲ! ಕೂದಲೆಳಿಯಷ್ಟು ಅದ!"

ಇಲ್ಲಿ ಜೀವ ಒಂದೇ ಉದ್ದ ಪಟ್ಟಿಯಲ್ಲ. 25 ಮತ್ತು 50ರ ತುಂಡುಗಳಾಗಿ ಒಡೆದಿರುತ್ತದೆ, ಎಲ್ಲ ಸೇರಿ 150. ಅರ್ಧ ಖಾಲಿಯಾದ ತುಂಡು ಸುಮ್ನೆ ಕಾದರೆ ತಾನೇ ತುಂಬಿಕೊಳ್ಳುತ್ತದೆ. ಪೂರ್ತಿ ಖಾಲಿಯಾದ ತುಂಡಿಗೆ ಮದ್ದು ಬೇಕು. ಸ್ಪಾರ್ಕ್ಸ್ ಏಟು ತಿಂದವನಿಗೆ ಉಳಿಯುವ ಒಂದು, ಅವನು ಅಡಗಿ ಕೂತರೆ 25 ಆಗುತ್ತದೆ, ಕೊನೆಯ ತುಂಡು ದೊಡ್ಡದಿದ್ದರೆ 50 ಆಗುತ್ತದೆ. ಆದರೆ ಆ ಹೊತ್ತಿನಲ್ಲಿ ಆಟದಲ್ಲಿ ಓಡಾಡುವ ಒಂದು ಜೀವಂತ ಹೆಣ ಬಂದು ಪರಚಿದರೂ ಕಥೆ ಮುಗಿಯಿತು. ಹೊಡೆದವನಿಗೂ ಅದೇ ಪರೀಕ್ಷೆ. ಗುಂಡು ತುಂಬುತ್ತಾ ನಿಲ್ಲಬೇಕಾ, ಪಿಸ್ತೂಲು ಎಳೆದು ಓಡಬೇಕಾ? ಒಂದು ಗುಂಡಿಗೆ ಜಗಳ ಮುಗಿಯುವ ಬದಲು ಅಲ್ಲಿಂದಲೇ ಶುರುವಾಗುತ್ತದೆ. 149 ಅನ್ನುವುದು ಯಾರೋ ಕೂತು ಯೋಚಿಸಿ ಇಟ್ಟ ನಂಬರ್.

ಇನ್ನೂ ಒಂದು ಇದೆ. ಒಮ್ಮೆ ಬಿದ್ದವನನ್ನು ಗೆಳೆಯ ಎಬ್ಬಿಸಿದರೆ ಅವನ ಒಂದು ತುಂಡು ಹೋಗಿರುತ್ತದೆ. 25ರದ್ದು ಹೋಗಿದ್ದರೆ ಪೂರ್ತಿ ಜೀವವೇ 125. ಆಗ ಸ್ಪಾರ್ಕ್ಸ್ ಅಷ್ಟೇ ಅಲ್ಲ, 136ರ ಮೋಸಿನ್ ರೈಫಲ್ ಕೂಡ ಎದೆಗೆ ಒಂದೇ ಏಟಿಗೆ ಕೊಲ್ಲುತ್ತದೆ. ಮೋಸಿನ್‌ನಲ್ಲಿ ಐದು ಗುಂಡು, ದುಡ್ಡೂ ಬಹಳ ಜಾಸ್ತಿ. ಎದ್ದವನು ಮದ್ದು ಹಾಕಿಕೊಂಡು ಪಟ್ಟಿ ತುಂಬಿದೆ ಅಂತ ಧೈರ್ಯದಿಂದ ಕಿಟಕಿಗೆ ಬರುತ್ತಾನೆ, ಮತ್ತೆ ಬೀಳುತ್ತಾನೆ. ಇದನ್ನು ನಾವು ಅಳೆದು ಬರೆದುಕೊಂಡ ಮೇಲೆ ಮೂವರು ಸೇರಿ ಹೋಗುವಾಗಿನ ನಮ್ಮ ಆಟವೇ ಬದಲಾಯಿತು. ಎದ್ದವನು ಈಗ ಹಿಂದೆ ಇದ್ದು ಕಿವಿಯ ಕೆಲಸ ಮಾಡುತ್ತಾನೆ.

ಸಣ್ಣ ಬಂದೂಕುಗಳಿಗೆ ನೆನಪಿಡಬೇಕಾದ ನಂಬರ್ 75. ಎರಡು ಗುಂಡಿಗೆ ಕೊಲ್ಲಬೇಕಾದರೆ ಒಂದೊಂದೂ ಕನಿಷ್ಠ ಅಷ್ಟು ಕೊಡಬೇಕು. ನಾಗಾಂ ರಿವಾಲ್ವರ್ 91, ಹತ್ತಿರದಲ್ಲಿ ಎದೆಗೆ ಎರಡು ಸಾಕು. ದೂರ ಹೋದಂತೆ ಅದು ಇಳಿಯುತ್ತದೆ, 75ರ ಕೆಳಗೆ ಬಂದ ಕೂಡಲೇ ಮೂರು ಬೇಕು. ಕೈಗೋ ಕಾಲಿಗೋ ಬಿದ್ದರೂ ಹಾಗೇ. ಹಳಬರು ಇನ್ನೂ ವಿನ್‌ಫೀಲ್ಡ್ ಅಂತ ಕರೆಯುವ ಲಿವರ್ ರೈಫಲ್ 110 ಕೊಡುತ್ತದೆ. ಹೊಸಬರು ಅದನ್ನೇ ತಗೊಳ್ಳಲಿ ಅಂತ ನನ್ನ ಮಾತು. ಅಗ್ಗ, ಗುಂಡು ಬೇಗ ಬೇಗ ಬರುತ್ತದೆ, 75ರ ಗೆರೆ ಮುಟ್ಟುವುದು ಇನ್ನಷ್ಟು ದೂರದಲ್ಲಿ. ತಲೆಗೆ ಬಿದ್ದರೆ ಈ ಲೆಕ್ಕ ಯಾವುದೂ ಇಲ್ಲ, ಸಣ್ಣ ಪಿಸ್ತೂಲೂ ಕೊಲ್ಲುತ್ತದೆ.

ನನ್ನ ದೂರು ಇಲ್ಲೇ. ಕಾರ್ಡ್ ಮೇಲಿನ ನಂಬರ್ 10 ಮೀಟರ್ ದೂರದಿಂದ ಎದೆಯ ಮೇಲ್ಭಾಗಕ್ಕೆ ಬಿದ್ದ ಗುಂಡಿನದು. ಹೊಟ್ಟೆಗೆ ಎಷ್ಟು, ಕೈಗೆ ಎಷ್ಟು ಅಂತ ಹೊಸಬನಿಗೆ ಅದನ್ನು ನೋಡಿ ತಿಳಿಯುವುದಿಲ್ಲ. 2024ರ ಹೊಸ ಮೆನುವನ್ನೂ ಆಟಗಾರರು ಬೈದದ್ದು ನ್ಯಾಯವೇ. ಒಂದು ಬಂದೂಕು ಬದಲಿಸಲು ಎಷ್ಟು ಪರದೆ ದಾಟಬೇಕಿತ್ತು!

ಇನ್ನು ಸದ್ದು. ನಾವು ಕೊಟ್ಟಿಗೆ ಹತ್ತಿರ ಅಳೆಯುತ್ತಿದ್ದಾಗ ಗುಂಡಿನ ಸದ್ದು ಕೇಳಿ ಇನ್ನೊಂದು ತಂಡ ಬಂತು. ಅವರು ಬಂದದ್ದು ನಮಗೆ ಕಂಡಿದ್ದಲ್ಲ, ಕೇಳಿದ್ದು. ಮೊದಲು ಕಾಗೆಗಳು ಎದ್ದವು, ಆಮೇಲೆ ಒಡೆದ ಗಾಜು ಕಾಲಡಿ ಕರಕ್ ಅಂದಿತು. ಪ್ಲಾಂಟಿನಲ್ಲಿ ಬೇರಿಂಗ್ ಸದ್ದು ಬದಲಾದರೆ ಕಿವಿ ಹೇಗೆ ನಿಲ್ಲುತ್ತದೋ ಹಾಗೇ ನಿಂತಿತು. ಕಾಗೆ, ಕುದುರೆ, ಗೂಡಿನ ನಾಯಿ, ಕೋಳಿ, ಎಲ್ಲವೂ ಇಲ್ಲಿ ಚಾಡಿ ಹೇಳುತ್ತವೆ. ಹಾಗಾಗಿ ಡ್ಯಾಮೇಜ್ ಜಾಸ್ತಿ ಇದ್ದರೆ ಒಳ್ಳೆಯ ಬಂದೂಕು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕ್ರಾಸ್‌ಬೋ ಬಾಣ ನಿಧಾನ, ಒಂದೊಂದೇ. ಆದರೆ ಎದೆಗೆ ತಾಗಿದರೆ ಒಂದೇ ಸಾಕು, ಸದ್ದೂ ಇಲ್ಲ. ನಾನು ಅದನ್ನು ಸ್ಪಾರ್ಕ್ಸ್‌ಗಿಂತ ಮೇಲೆ ಇಡುತ್ತೇನೆ.

ರಾಯಚೂರಿನ ಬೇಸಿಗೆಯಲ್ಲಿ ಆಡುವವರಿಗೆ ಒಂದು ಮಾತು. ಕೂಲರ್ ಹಾಕಿದರೆ ಹೆಜ್ಜೆ ಸಪ್ಪಳ ಕೇಳಿಸದು. ಹಾಕದಿದ್ದರೆ ಮೇ ತಿಂಗಳಲ್ಲಿ ಕೂರಲಾಗದು, ಲ್ಯಾಪ್‌ಟಾಪೂ ಕಾದು ಆಟ ತಡೆತಡೆದು ಓಡುತ್ತದೆ. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ತಗೊಳ್ಳಿ, ರಾತ್ರಿ ಹೊತ್ತು ಆಡಿ. ಮೈಕ್ ಸದಾ ತೆರೆದಿಡಬೇಡಿ, ನಿಮ್ಮ ಕೂಲರ್ ಸದ್ದಿನಲ್ಲಿ ಗೆಳೆಯರ ಕಿವಿಯೂ ಕಟ್ಟುತ್ತದೆ.

ರಕ್ತ, ಹೆಣ, ಬೆಂಕಿ ಬಹಳ ಇದೆ. ಮನೆಯ ಸಣ್ಣ ಮಕ್ಕಳ ಮುಂದೆ ಬೇಡ.

ಆಟಗಳನ್ನು ಮಾರುವ ಸ್ಟೀಮ್ ತಾಣದ ಸೇಲ್‌ನಲ್ಲಿ ಬೆಲೆ ಚೆನ್ನಾಗಿ ಇಳಿಯುತ್ತದೆ, ಆಗ ಕೊಳ್ಳಿ. ಈಗ ನಾವು ಸೈಲೆನ್ಸರ್ ಹಾಕಿದ ನಾಗಾಂ ಅಳೆಯುತ್ತಿದ್ದೇವೆ. ಆಟದ ಕಥೆ 1890ರ ದಶಕದ್ದು, ಅಮೆರಿಕದ ಮ್ಯಾಕ್ಸಿಮ್ ಸೈಲೆನ್ಸರ್‌ಗೆ ಪೇಟೆಂಟ್ ಸಿಕ್ಕಿದ್ದು 1909ರಲ್ಲಿ. ಆದರೂ ಆ ಬಂದೂಕಿಗೆ ಸೈಲೆನ್ಸರ್ ಕೊಟ್ಟದ್ದು ನನಗೆ ಒಪ್ಪಿಗೆ. ಸಾಮಾನ್ಯ ರಿವಾಲ್ವರ್‌ಗೆ ಸೈಲೆನ್ಸರ್ ಹಾಕಿ ಹೆಚ್ಚು ಉಪಯೋಗವಿಲ್ಲ, ಸಿಲಿಂಡರ್ ಮತ್ತು ನಳಿಗೆಯ ನಡುವಿನ ಸಂದಿನಿಂದ ಗ್ಯಾಸ್, ಸದ್ದು ಎರಡೂ ಹೊರಗೆ ಬರುತ್ತವೆ. ನಾಗಾಂನಲ್ಲಿ ಹೊಡೆಯುವಾಗ ಸಿಲಿಂಡರ್ ಮುಂದೆ ಸರಿದು ಆ ಸಂದು ಮುಚ್ಚುತ್ತದೆ. ಏಳು ಗುಂಡಿನ ಆ ರಿವಾಲ್ವರ್ ಎಷ್ಟು ದೂರದವರೆಗೆ 75 ಕೊಡುತ್ತದೆ ಅಂತ ಬರೆದಿಟ್ಟುಕೊಂಡ ಮೇಲೆ ನಾನು ರೈಫಲ್ ಬಿಟ್ಟು ಅದನ್ನೇ ಹಿಡಿಯುವವನಿದ್ದೇನೆ.