ವಿಮೆನ್ ಟಾಕಿಂಗ್: ಮೊದಲು ಸಿನಿಮಾ, ಆಮೇಲೆ ಪುಸ್ತಕ

ಎರಡರಲ್ಲಿ ಒಂದಕ್ಕಷ್ಟೇ ಬಿಡುವಿದ್ದರೆ ಸಿನಿಮಾ ನೋಡಿ. ಮಿರಿಯಮ್ ಟೇವ್ಸ್ ಅವರ 2018ರ ಕಾದಂಬರಿಯನ್ನು ಸಾರಾ ಪೊಲ್ಲಿ 2022ರಲ್ಲಿ ತೆರೆಗೆ ತಂದರು. ಎರಡಕ್ಕೂ ಮೂಲ ಬೊಲಿವಿಯಾದ ಮ್ಯಾನಿಟೋಬಾ ಕಾಲೊನಿಯಲ್ಲಿ ನಡೆದ ನಿಜ ಘಟನೆ. 2005ರಿಂದ 2009ರವರೆಗೆ ಅಲ್ಲಿನ ಕೆಲ ಮೆನೊನೈಟ್ (ಒಂದು ಸಂಪ್ರದಾಯಸ್ಥ ಕ್ರೈಸ್ತ ಪಂಥ) ಗಂಡಸರು ದನಗಳಿಗೆ ಕೊಡುವ ಅರಿವಳಿಕೆಯನ್ನು ರಾತ್ರಿ ಮನೆಗಳೊಳಗೆ ಸಿಂಪಡಿಸಿ, ಪ್ರಜ್ಞೆ ತಪ್ಪಿದ ಹೆಂಗಸರು, ಹುಡುಗಿಯರ ಮೇಲೆ ಅತ್ಯಾಚಾರ ಮಾಡುತ್ತಿದ್ದರು. ನೋವೆಂದವರಿಗೆ ದೆವ್ವದ ಕಾಟ ಎಂದು ಹೇಳಿ ಬಾಯಿ ಮುಚ್ಚಿಸಲಾಗುತ್ತಿತ್ತು. 2011ರಲ್ಲಿ ಏಳು ಮಂದಿಗೆ 25 ವರ್ಷ ಜೈಲಾಯಿತು.

ಸಿನಿಮಾ ನನಗೆ ಮೇಲೆನಿಸುವುದು ಕಥೆ ಹೇಳುವ ದನಿಯಿಂದ. ಸುಮ್ಮನಿರುವುದೋ, ಉಳಿದು ಹೋರಾಡುವುದೋ, ಊರು ಬಿಡುವುದೋ ಎಂದು ಚರ್ಚಿಸಲು ಹುಲ್ಲಿನ ಅಟ್ಟದಲ್ಲಿ ಕೂತ ಹೆಂಗಸರಿಗೆ ಅಕ್ಷರ ಬಾರದು. ಹಾಗಾಗಿ ಕಾದಂಬರಿ ಪೂರ್ತಿ ಶಾಲಾ ಮೇಷ್ಟ್ರು ಆಗಸ್ಟ್ ಬರೆದಿಟ್ಟ ಸಭೆಯ ನಡಾವಳಿ. ಹೆಂಗಸರ ಸಿಟ್ಟೂ ಗಂಡಸಿನ ಕೈಬರಹದಲ್ಲೇ ಬರಬೇಕು. ಸಿನಿಮಾದಲ್ಲೂ ಆಗಸ್ಟ್ ಬರೆದುಕೊಳ್ಳುತ್ತಾನೆ, ಆದರೆ ಕಥೆ ಹೇಳುವವಳು ಔಟ್ಯಾ ಎಂಬ ಹುಡುಗಿ. ಅಟ್ಟದಲ್ಲಿ ಕೂತವರಲ್ಲೊಬ್ಬಳಾದ ಓನಾಳ ಹೊಟ್ಟೆಯಲ್ಲಿರುವ ಮಗುವಿಗೆ ಹೇಳುತ್ತಾಳೆ.

ಸಿನಿಮಾದ ತೊಡಕು ಚೌಕಟ್ಟಿನದು. ಅದರ ಅನುಪಾತ 2.76:1, ಅಂದರೆ ಅಗಲ ಎತ್ತರದ 2.76 ಪಟ್ಟು. 43 ಇಂಚಿನ ಟಿವಿಯಲ್ಲಿ ಪರದೆಯ ಎತ್ತರ ಸುಮಾರು 53 ಸೆಂಟಿಮೀಟರ್, ಚಿತ್ರ ಕಾಣುವುದು ಸುಮಾರು 34 ಮಾತ್ರ. ಉಳಿದದ್ದು ಮೇಲೆ ಕೆಳಗೆ ಕಪ್ಪು ಪಟ್ಟಿ. ಕಿರಿಕಿರಿಯಾಗಿ ಜೂಮ್ ಒತ್ತಿದರೆ ಅಗಲದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೋಗುತ್ತದೆ. ಒಬ್ಬಳು ಮಾತಾಡುವಾಗ ಪಕ್ಕದಲ್ಲಿ ಕೂತು ಕೇಳುವವಳ ಮುಖವೇ ಇಲ್ಲಿ ಅರ್ಧ ದೃಶ್ಯ, ಕತ್ತರಿಸುವುದು ಆ ಮುಖವನ್ನೇ.

ಬಣ್ಣವನ್ನೂ ಬೇಕೆಂದೇ ಹಿಂಡಿ ತೆಗೆದಿದ್ದಾರೆ. ಟಿವಿ ಬಣ್ಣ ಗಾಢವಾಗಿಸುವ ‘ವಿವಿಡ್’ ಮೋಡ್‌ನಲ್ಲಿದ್ದರೆ ಆ ಬೂದುಗೆಂಪು ಕೆಟ್ಟು ಮುಖಗಳಿಗೆ ಬಣ್ಣ ಬಳಿದಂತಾಗುತ್ತದೆ. ‘ಸಿನಿಮಾ’ ಮೋಡ್‌ಗೆ ಹಾಕಿ, ದೀಪ ಆರಿಸಿ, ಕಿಟಕಿಯ ಪರದೆ ಎಳೆಯಿರಿ. ಮೊಬೈಲಿನಲ್ಲಂತೂ ಬೇಡ: 6.5 ಇಂಚಿನ ಫೋನಿನಲ್ಲಿ ಚಿತ್ರದ ಎತ್ತರ ಐದೂವರೆ ಸೆಂಟಿಮೀಟರ್, ಲಾಟೀನು ಬೆಳಕಿನ ದೃಶ್ಯಗಳಲ್ಲಿ ಯಾರು ಯಾರೆಂದೇ ತಿಳಿಯದು.

ಪುಸ್ತಕದಲ್ಲಿ ಮಾತುಗಳಿಗೆ ಉದ್ಧರಣ ಚಿಹ್ನೆಯಿಲ್ಲ, ಎಂಟು ಹೆಂಗಸರು ಒಟ್ಟಿಗೆ ಬರುತ್ತಾರೆ. ಪುಸ್ತಕವನ್ನೇ ಮೊದಲು ಓದುವುದಾದರೆ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ಲೋವನ್ ಮನೆಯ ಗ್ರೆಟಾ, ಮಾರೀಕೆ, ಮೇಯಲ್, ಔಟ್ಯಾ; ಫ್ರೀಸನ್ ಮನೆಯ ಅಗಾಟಾ, ಓನಾ, ಸಲೋಮಿ, ನೈಟ್ಯಾ.

ಸಿನಿಮಾ ದಾಳಿಗಳನ್ನು ತೋರಿಸುವುದಿಲ್ಲ. ಬೆಳಗಿನ ರಕ್ತ, ತೊಡೆಯ ಕಲೆ ಅಷ್ಟೇ. ದಾಳಿ ಎಷ್ಟು ಕ್ರೂರವಾಗಿತ್ತೆಂದು ತಿಳಿಯಲು ಗ್ರೆಟಾ ತನ್ನ ಸಡಿಲ ಹಲ್ಲುಸೆಟ್ಟನ್ನು ಬಾಯಿಂದ ತೆಗೆಯುವುದೊಂದೇ ಸಾಕು.

ನನ್ನಂತೆ ರಾತ್ರಿ ಮನೆ ಮಲಗಿದ ಮೇಲೆ ಒಂದೇ ಸಲಕ್ಕೆ ಕೂತು ನೋಡುವವರಿಗೆ 104 ನಿಮಿಷ ಹೆಚ್ಚಲ್ಲ. ಪುಸ್ತಕಕ್ಕೆ ದುಡ್ಡು ಹಾಕುವುದು ಆಮೇಲಿರಲಿ. ಆಗಸ್ಟ್‌ನ ಹಿಂದಿನ ಬದುಕು ಅದರಲ್ಲೇ ಹೆಚ್ಚು ವಿವರವಾಗಿದೆ, ಮತ್ತು ಆಗ ಚೀಟಿಯೂ ಬೇಡ, ಮುಖಗಳು ಗೊತ್ತಿರುತ್ತವೆ.